ಸಂಡೇ ಬಜಾರ್‌ನಲ್ಲಿ ಮುನ್ನೂರು ರೂಪಾಯಿ ಉಳಿಸಿದವನ ಉತ್ತರ

ಗುಜರಿಯಲ್ಲಿ, ಸಂಡೇ ಬಜಾರ್‌ನಲ್ಲಿ ಹಳೆಯ ಕಾಲದ ಬೆಲೆಬಾಳುವ ಬಡಗಿ ಸಾಮಾನನ್ನು ಗುರುತಿಸುವುದು ಹೇಗೆ, ಅಗ್ಗಕ್ಕೆ ಕೊಂಡು ಮಾರಿದರೆ ಎಷ್ಟು ಸಿಕ್ಕೀತು ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನಾನು 2013ರಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಹಾಜರಿರುತ್ತಿದ್ದೆ. ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಪುಟ್ಟ ಅಯಸ್ಕಾಂತ, ತಲೆಯಲ್ಲಿ ನಾಲ್ಕು ವಿಡಿಯೊ ನೋಡಿ ಬಂದ ಪಾಂಡಿತ್ಯ.

ಮುಚ್ಚಿದ ಅಂಗಡಿಯೊಂದರ ಶಟರ್ ಮುಂದೆ ಒಬ್ಬ ಹಿರಿಯರು ಟಾರ್ಪಾಲಿನ್ ಹಾಸಿಕೊಂಡು ಕೂರುತ್ತಿದ್ದರು. ಮಿಕ್ಸಿ ಜಾರು, ನಲ್ಲಿಯ ತಿರುಪು, ನಿಂತ ಗಡಿಯಾರಗಳ ನಡುವೆ ಆ ದಿನ ನಿಕ್ಕಲ್ ಹೊಳಪಿನದೇನೋ ಕಂಡಿತು. ಎತ್ತಿಕೊಂಡೆ. ಎರಡು ಉಕ್ಕಿನ ಕಂಬಿಗಳ ಮೇಲೆ ಹಿಂದೆ ಮುಂದೆ ಸರಿಯುವ ಭಾಗಗಳು, ಅಲ್ಲಲ್ಲಿ ತಿರುಪುಗಳು, ಕಪ್ಪುಗೆಂಪು ಮರದ ಹಿಡಿ. ಸ್ಟ್ಯಾನ್ಲಿ 45! ತೋಪಡ ಎಂದರೆ ಮರ ಹೆರೆಯುವ ಬಡಗಿಯ ಸಾಧನ. ಇದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್ಲಿ ಕಂಪನಿಯಲ್ಲಿ ಹುಟ್ಟಿದ, ಒಂದೇ ಮೈಯಲ್ಲಿ ಹಲವು ತೋಪಡಗಳ ಕೆಲಸ ಮಾಡುವ ಯಂತ್ರದಂಥ ತೋಪಡ. ನನ್ನ ಎದೆ ಬಡಿದುಕೊಂಡದ್ದು ಅವರಿಗೂ ಕೇಳಿಸಿರಬೇಕು.

"ಕೆಜಿಎಫ್‌ನಲ್ಲಿ ಒಂದು ಹಳೆಯ ಮನೆ ಖಾಲಿ ಮಾಡಿದಾಗ ಬಂದದ್ದು ಸರ್, ಈ ಪೆಟ್ಟಿಗೆಯೂ ಅದರದೇ. ಎರಡೂ ಸೇರಿ ಸಾವಿರದ ಐನೂರು" ಎಂದರು.

ಪೆಟ್ಟಿಗೆ ಚಪ್ಪಟೆಯದು, ಮರದ್ದು. ತೆರೆದರೆ ಸಾಲಾಗಿ ಕೊರೆದ ಗೀರುಗಳಲ್ಲಿ ಬೆರಳುದ್ದದ ಕಬ್ಬಿಣದ ಪಟ್ಟಿಗಳು ನಿಂತಿದ್ದವು. ಕಪ್ಪಗೆ, ಎಣ್ಣೆಯ ಜಿಡ್ಡಿನಲ್ಲಿ, ಮುರಿದ ಹ್ಯಾಕ್‌ಸಾ ಬ್ಲೇಡಿನ ತುಂಡುಗಳಂತೆ. ನನಗೆ ಅದು ಏನೆಂದು ತಿಳಿಯಲಿಲ್ಲ. ಆದರೆ ಚೌಕಾಸಿಗೆ ಒಂದು ಹಿಡಿ ಸಿಕ್ಕಿತು ಎನ್ನುವುದು ಮಾತ್ರ ಚೆನ್ನಾಗಿ ತಿಳಿಯಿತು. "ಈ ಕಬ್ಬಿಣದ ಚೂರು ನನಗೇಕೆ? ನೀವೇ ಇಟ್ಟುಕೊಳ್ಳಿ. ಇದೊಂದಕ್ಕೆ ಸಾವಿರದ ಇನ್ನೂರು ಕೊಡುತ್ತೇನೆ" ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ತೋಪಡವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಗೆದ್ದ ಸಂಭ್ರಮದಲ್ಲಿ ಚಿಕ್ಕಪೇಟೆಯಲ್ಲಿ ಎರಡು ದೋಸೆ ತಿಂದೆ.

ಮರುದಿನ ನಮ್ಮ ಮನೆಯ ಬಾಗಿಲು ಮಾಡಿದ್ದ ಆಚಾರಿಗಳಿಗೆ ತೋರಿಸಲು ಹೋದೆ. ಎಪ್ಪತ್ತು ದಾಟಿದವರು. ತಿರುಗಿಸಿ, ಕಂಬಿ ಎಳೆದು ನೋಡಿ, "ಇದರ ಅಲಗುಗಳು ಎಲ್ಲಿ?" ಎಂದರು. ಒಂದು ಇದೆಯಲ್ಲ ಎಂದೆ. ಅವರು ನಗಲಿಲ್ಲ. "ಚಕ್ಕುಲಿ ಒರಳು ತಂದಿದ್ದೀರಿ. ಬಿಲ್ಲೆಗಳನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದೀರಿ."

ಇದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಅಂದಿನಿಂದ ನಾನು ಇದನ್ನು ಸಿಕ್ಕವರಿಗೆಲ್ಲ ವಿವರಿಸುತ್ತಲೇ ಇದ್ದೇನೆ. 45 ಎಂಬುದು ಬರಿಯ ಹಿಡಿಕೆ. ಕೆಲಸ ಮಾಡುವುದು ಅಲಗು. ಹಲಗೆಯ ಅಂಚಿನುದ್ದಕ್ಕೂ ಕಾಲುವೆ ತೆಗೆಯಬೇಕೇ, ಅದಕ್ಕೊಂದು ಚಪ್ಪಟೆ ಅಲಗು. ಕಾಲುವೆಯೊಳಗೆ ಕೂರುವ ನಾಲಿಗೆ ಬೇಕೇ, ಅದಕ್ಕೊಂದು ಸೀಳು ಅಲಗು. ಬಾಗಿಲ ಚೌಕಟ್ಟಿನ ಮೇಲೆ ಮಣಿಯಂಥ ಅರೆದುಂಡು ಗೆರೆ ಓಡಬೇಕೇ, ಅದಕ್ಕೆ ಬೇರೆ. ಆ ಗೆರೆ ಸಣ್ಣದೋ ದಪ್ಪವೋ, ಅದಕ್ಕೆ ತಕ್ಕಂತೆ ಮತ್ತೆ ಬೇರೆ ಬೇರೆ. ಹೀಗೆ ಇಪ್ಪತ್ತರ ಆಸುಪಾಸು. ನಾನು ಕಬ್ಬಿಣದ ಚೂರು ಎಂದದ್ದು ಇವನ್ನು.

ಬೇರೆ ಪಟ್ಟಿ ಮಾಡಿಸಿ ಹಾಕಿದರಾಯಿತಲ್ಲ ಎನ್ನುತ್ತೀರಿ. ನಾನೂ ಎಂದೆ. ಆ ಅಲಗಿನ ಪಕ್ಕದಲ್ಲಿ ಒಂದು ಕಚ್ಚು ಇರುತ್ತದೆ. ಆಳವನ್ನು ಏರಿಸಿ ಇಳಿಸುವ ತಿರುಪು ಆ ಕಚ್ಚಿಗೇ ಸಿಕ್ಕಿಕೊಳ್ಳಬೇಕು. ಲೇತ್ ಅಂಗಡಿಯಲ್ಲಿ ಎರಡು ಅಲಗು ಮಾಡಿಸಿದೆ. ಒಂದರ ಕಚ್ಚು ಕೂದಲೆಳೆಯಷ್ಟು ಮೇಲಾಯಿತು, ಇನ್ನೊಂದಕ್ಕೆ ಹದ ಹಿಡಿಯದೆ ತೇಗದ ಮೊದಲ ಗಂಟಿಗೇ ಬಾಯಿ ಮಡಚಿಕೊಂಡಿತು.

ಮುಂದಿನ ಭಾನುವಾರ ಐದೂವರೆಗೇ ಓಡಿದೆ. ಪೆಟ್ಟಿಗೆ ಎಲ್ಲಿ ಎಂದು ಕೇಳಿದರೆ, "ಅದಾ? ಚೆನ್ನಾಗಿತ್ತು, ಒಬ್ಬರು ದಾರದ ಉಂಡೆ ಇಡಲು ತೆಗೆದುಕೊಂಡು ಹೋದರು." ಒಳಗಿದ್ದ ಪಟ್ಟಿಗಳು? "ನೀವೇ ಬೇಡ ಎಂದಿರಲ್ಲ ಸರ್. ಕಬ್ಬಿಣದ ಜೊತೆ ತೂಕಕ್ಕೆ ಹಾಕಿದೆ." ಆ ಗುಜರಿಗೂ ಹೋದೆ. ಅಲ್ಲಿನ ಮಾಲು ಗುರುವಾರವೇ ಲಾರಿ ಹತ್ತಿತ್ತು.

ನನ್ನ ತಪ್ಪು ತಿಳಿಯದಿದ್ದದ್ದಲ್ಲ. ತಿಳಿಯದ್ದನ್ನು ಚೌಕಾಸಿಯ ದಾಳವಾಗಿ ಬಳಸಿದ್ದು. ಆ ಹಿರಿಯರು ಎರಡನ್ನೂ ಜೊತೆಯಾಗಿಯೇ ಇಟ್ಟಿದ್ದರು, ಜೊತೆಯಾಗಿಯೇ ಬೆಲೆ ಹೇಳಿದ್ದರು. ಸತ್ತ ಯಾರೋ ಬಡಗಿ ಅದನ್ನು ಎಣ್ಣೆ ಹಚ್ಚಿ ಜೊತೆಯಾಗಿಯೇ ಕಾಪಾಡಿದ್ದ. ಬೇರೆ ಮಾಡಿದವನು ನಾನು. ಮುಂದಿನ ಆರು ವರ್ಷಗಳಲ್ಲಿ ಇಂಗ್ಲೆಂಡಿನಿಂದ ಒಂದೊಂದಾಗಿ ಒಂಬತ್ತು ಅಲಗು ತರಿಸಿಕೊಂಡೆ. ಒಂದೊಂದರ ಬೆಲೆಗಿಂತ ಅಂಚೆ ಮತ್ತು ಸುಂಕವೇ ಹೆಚ್ಚಾಯಿತು. ಒಟ್ಟು ಲೆಕ್ಕವನ್ನು ಹೆಂಡತಿಗೆ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಕೊಂಡು ಮಾರುವ ಯೋಚನೆಯನ್ನು ಬಿಟ್ಟುಬಿಡಿ. ಟಾರ್ಪಾಲಿನ್ ಹಾಸಿ ಕೂತವರ ಕೈಯಲ್ಲೂ ಮೊಬೈಲ್ ಇದೆ. ಫೋಟೊ ಹಾಕಿ ವಿದೇಶದ ಬೆಲೆ ನೋಡಲು ಅವರಿಗೂ ಬರುತ್ತದೆ. ಇಷ್ಟಪಟ್ಟು ಕೊಳ್ಳುವ ಸಂಗ್ರಹಕಾರರು ಹೆಚ್ಚಾಗಿ ಇರುವುದು ಇಂಗ್ಲೆಂಡು, ಅಮೆರಿಕಗಳಲ್ಲಿ. ಎರಡು ಕಿಲೊ ಎರಕದ ಕಬ್ಬಿಣವನ್ನು ಅಲ್ಲಿಗೆ ಕಳಿಸುವ ಖರ್ಚಿನಲ್ಲಿ ನಿಮ್ಮ ಲಾಭ ಕರಗುತ್ತದೆ. ಅವರಿಗೆ ಬೇಕಾದದ್ದು ಮುಟ್ಟದ ಸಾಮಾನು. ನಮ್ಮಲ್ಲಿ ಸಿಗುವುದು ದುಡಿದು ಸವೆದ ಸಾಮಾನು: ಮುರಿದ ಹಿಡಿಯ ಜಾಗದಲ್ಲಿ ಆಚಾರಿ ಬೀಟೆಯಲ್ಲೋ ಹೊನ್ನೆಯಲ್ಲೋ ಕಡೆದು ಹಾಕಿದ್ದು. ಅಮೆರಿಕದ ಸ್ಟ್ಯಾನ್ಲಿಯ ಹಳೆಯ ಹಿಡಿಗಳು ಬ್ರೆಜಿಲ್‌ನ ರೋಸ್‌ವುಡ್. ನಮ್ಮ ಬೀಟೆ ಅದರ ದಾಯಾದಿ. ಸಂಗ್ರಹಕಾರ ಮೂಗು ಮುರಿಯುತ್ತಾನೆ. ನನಗಂತೂ ಬೀಟೆಯ ಹಿಡಿಯೇ ಹೆಚ್ಚು ಇಷ್ಟ.

ಬಳಸಲು ಕೊಳ್ಳುವುದಾದರೆ ಮಾತ್ರ ಮುಂದೆ ಓದಿ.

ಹೆಸರು ನೋಡುವ ಮುನ್ನ ಬಾಯಿ ನೋಡಿ. ತೋಪಡದ ತಳದಲ್ಲಿ ಅಲಗು ಹೊರಬರುವ ಸೀಳಿನ ಎರಡೂ ತುದಿಗಳಲ್ಲಿ ಕೂದಲಿನಂಥ ಬಿರುಕು ಇದೆಯೇ ಎಂದು ಉಗುರಿನಿಂದ ಗೀರಿ ನೋಡಬೇಕು. ಅಲಗನ್ನು ತೆಗೆದು ಮೈಯನ್ನು ಬೆರಳಿನಿಂದ ತಟ್ಟಿ. ಗಟ್ಟಿ ಎರಕ ಠಣ್ ಎನ್ನುತ್ತದೆ, ಬಿರಿದದ್ದು ಒಡಕು ಮಡಕೆಯ ಸದ್ದು ಮಾಡುತ್ತದೆ. ತುಕ್ಕಿಗೆ ಹೆದರಬೇಡಿ, ಸೀಮೆಎಣ್ಣೆ ಮತ್ತು ಎಮರಿ ಕಾಗದಕ್ಕೆ ಅದು ಹೋಗುತ್ತದೆ. ಆದರೆ ಅಲಗಿನ ಹಿಂಬದಿಯಲ್ಲಿ, ಅಂಚಿನ ಹತ್ತಿರ ಸಿಡುಬಿನಂಥ ಗುಳಿಗಳಿದ್ದರೆ ಕೆಳಗಿಡಿ. ಎಷ್ಟು ಸಾಣೆ ಹಿಡಿದರೂ ಆ ಅಂಚು ನೆಟ್ಟಗಾಗದು. ಬಾತ್‌ರೂಮು ತೊಳೆಯುವ ಆ್ಯಸಿಡ್ಡಿನಲ್ಲಿ ಮುಳುಗಿಸುವವರಿದ್ದಾರೆ. ಅವರ ಬಗ್ಗೆ ಮಾತಾಡಿದರೆ ನನಗೆ ರಕ್ತದೊತ್ತಡ ಏರುತ್ತದೆ.

ಹೆಸರು ಆಮೇಲೆ. ನಮ್ಮಲ್ಲಿ ಬರುವ ಹಳೆಯದರಲ್ಲಿ ಬಹುಪಾಲು ಇಂಗ್ಲೆಂಡಿನ ಶೆಫೀಲ್ಡ್‌ನದು. ತೋಪಡದ ಮೈಮೇಲಿನ ಮಾದರಿ ಸಂಖ್ಯೆ 4 ಎಂಬುದರ ಬದಲು 04, 5ರ ಬದಲು 05 ಎಂದಿದ್ದರೆ ಅದು ಅಲ್ಲಿನ ರೆಕಾರ್ಡ್ ಕಂಪನಿಯದು. 1930ರ ದಶಕದಲ್ಲಿ ಸ್ಟ್ಯಾನ್ಲಿಯನ್ನು ಅನುಕರಿಸಿ ಹೊರಟ ಒಳ್ಳೆಯ ಸಾಮಾನು, ದಿನಬಳಕೆಗೆ ನನ್ನ ಮೊದಲ ಆಯ್ಕೆ. ಅಲಗು ಕೂರುವ ಪೀಠದ ಹಿಂದೆ, ತಳದ ಎರಕದಲ್ಲೇ, 1902ರ ಎರಡು ಮತ್ತು 1910ರ ಒಂದು ಪೇಟೆಂಟ್ ದಿನಾಂಕಗಳಿದ್ದರೆ ಅದು 1910ರ ದಶಕದ ಅಮೆರಿಕದ ಸ್ಟ್ಯಾನ್ಲಿ, ಸುಮ್ಮನೆ ಕೊಂಡುಬಿಡಿ. ಅಲಗಿನ ಮೇಲಿನ ಹೆಸರನ್ನು ಮಾತ್ರ ನಂಬಬೇಡಿ, ಅಲಗು ಬದಲಾಗಿರುತ್ತದೆ. ಹೆಸರೇ ಇಲ್ಲದ ಹೊಳೆಯುವ ತೋಪಡ ಸಿಕ್ಕರೆ ಅದು ಜಲಂಧರ್ ಕಡೆಯದಿರಬಹುದು. ಅದನ್ನು ಹೊಸದೇ ಕೊಳ್ಳಿ.

ಉಳಿಗಳಲ್ಲಿ 'ಕಾಸ್ಟ್ ಸ್ಟೀಲ್' ಎಂಬ ಅಚ್ಚು ಕಂಡರೆ ಎರಕದ ಕಬ್ಬಿಣವೆಂದು ಎಸೆಯಬೇಡಿ. ಮೂಸೆಯಲ್ಲಿ ಕರಗಿಸಿ ತೆಗೆದ ಉಕ್ಕು ಅದು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಶೆಫೀಲ್ಡ್‌ನಲ್ಲಿ ಕುದುರಿಸಿದ ವಿದ್ಯೆ. ಮೂಸೆಯ ಉಕ್ಕು ನಮ್ಮ ಸೀಮೆಗೆ ಅದಕ್ಕಿಂತ ಬಹಳ ಹಳೆಯದು. ಅದಕ್ಕೆ ಇಂಗ್ಲಿಷಿನಲ್ಲಿರುವ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹೋಗಿದೆ ಎನ್ನುತ್ತಾರೆ. ಅಂಥ ಉಳಿಯೊಂದನ್ನು ನಾನು ಎಂಬತ್ತು ರೂಪಾಯಿಗೆ ತಂದೆ. ಸಾಣೆ ಹಿಡಿದರೆ ಮುಂಗೈ ಕೂದಲು ಬೋಳಿಸುತ್ತದೆ.

ಮಾರುವವರೊಂದಿಗೆ ಮಾತಾಡಿ. ಇದು ಎಲ್ಲಿಂದ ಬಂತು, ಇದರ ಜೊತೆ ಇನ್ನೇನಿತ್ತು ಎಂದು ಕೇಳಿ. ಅದೇ ಮನೆಯದೆಂದು ಅವರು ಹೇಳಿದ ಡಬ್ಬಿ, ಚಿಂದಿಯ ಗಂಟು, ತಿರುಪು, ಎಲ್ಲವನ್ನೂ ಹೇಳಿದ ಬೆಲೆಗೆ ತನ್ನಿ. ಮನೆಗೆ ಬಂದು ಬೇಡವಾದದ್ದನ್ನು ಎಸೆಯಲು ಯಾವ ತರಾತುರಿಯೂ ಇಲ್ಲ. ಆಚಾರಿಗಳು ಈಗಿಲ್ಲ, ಅವರ ಬಾಚಿ, ಮೂಲೆಮಟ್ಟ, ಕೊಡತಿಗಳನ್ನು ಮಗ ನನಗೇ ಕೊಟ್ಟ, ಗೋಣಿಚೀಲ ಸಮೇತ. ಚೀಲವನ್ನೂ ಇಟ್ಟುಕೊಂಡಿದ್ದೇನೆ.

ಇನ್ನೊಂದು ಕೋರಿಕೆ. ಚಿಕ್ಕಪೇಟೆಯ ಕಡೆ ಯಾವುದಾದರೂ ಟೈಲರ್ ಅಂಗಡಿಯಲ್ಲಿ, ಒಳಗೆ ಸಾಲಾಗಿ ಗೀರು ಕೊರೆದ ಚಪ್ಪಟೆ ಮರದ ಪೆಟ್ಟಿಗೆಯಲ್ಲಿ ದಾರದ ಉಂಡೆಗಳು ಕಂಡರೆ ದಯವಿಟ್ಟು ತಿಳಿಸಿ. ಬೆಲೆ ಅವರು ಹೇಳಿದಷ್ಟು.