ಸೋಲೋ ಆಲ್ಬಂ ಅಂದ್ರೆ ಬ್ಯಾಂಡ್ ಮುಗಿದ ಹಾಗಲ್ಲ

ಕದ್ರಿಯ ನಿಮ್ಮ ಬ್ಯಾಂಡಿನ ಗಾಯಕ ಸೋಲೋ ಆಲ್ಬಂ ಮಾಡ್ತಾರಂತೆ, ಇನ್ನು ಬ್ಯಾಂಡ್ ಮುಗೀತಾ ಅಂತ ಕೇಳಿದ್ದೀರಿ. ಹಾಗೆಂತ ಇಲ್ಲ ಮಾರಾಯ್ರೆ. ಬ್ರಿಟನ್ನಿನ ಕ್ವೀನ್ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ತನ್ನ ಮೊದಲ ಸೋಲೋ ಆಲ್ಬಂ ತಂದದ್ದು 1985ರ ಏಪ್ರಿಲಲ್ಲಿ. ಅದೇ ವರ್ಷ ಜುಲೈ 13ಕ್ಕೆ ಬ್ಯಾಂಡಿನ ನಾಲ್ಕೂ ಜನ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ, ಲೈವ್ ಏಯ್ಡ್ ಅನ್ನುವ ಸಹಾಯಾರ್ಥ ಸಂಗೀತ ಕಾರ್ಯಕ್ರಮದಲ್ಲಿ ಸುಮಾರು 20 ನಿಮಿಷ ನುಡಿಸಿದ್ದನ್ನು ಜನ ಇವತ್ತಿಗೂ ಮರೆತಿಲ್ಲ.

ನೀವು ನೋಡಬೇಕಾದ್ದು ಬೇರೆ. ಒಟ್ಟಿಗೆ ಕೂತು ಮಾಡಿದ ಟ್ಯೂನ್ ಯಾರದ್ದು? ನಮ್ಮ ಕಾಪಿರೈಟ್ ಕಾನೂನಲ್ಲಿ ಹಾಡಿನ ಸಾಹಿತ್ಯ ಅದನ್ನು ಬರೆದವರದ್ದು, ಸಂಗೀತ ಅದನ್ನು ಸಂಯೋಜಿಸಿದವರದ್ದು. ಹಾಡಿದ ಮಾತ್ರಕ್ಕೆ ಇವೆರಡೂ ಗಾಯಕರದ್ದಾಗುದಿಲ್ಲ. ಹಾಡಲ್ಲಿ ಮತ್ತೆ ಮತ್ತೆ ಬರುವ ಆ ಗಿಟಾರ್ ತುಣುಕು (ರಿಫ್) ನಿಮ್ಮದೇ ಅಂತೀರಲ್ಲ, ರೆಕಾರ್ಡಿಂಗ್‌ಗೆ ಮೊದಲೇ ಹೆಸರು, ಪಾಲು ಎರಡನ್ನೂ ಕಾಗದದಲ್ಲಿ ಬರೆಸಿಕೊಳ್ಳಿ. ಮತ್ತೆ ಖುಷಿಯಿಂದ ಹೋಗಿ ಅವರ ಆಲ್ಬಂಗೂ ಗಿಟಾರ್ ನುಡಿಸಿಕೊಡಿ.