ಬೇಸ್‌ಮೆಂಟಿನಲ್ಲಿ ಅರ್ಧ ಗಂಟೆ

ಪ್ರಶ್ನೆ: ನಮ್ಮ ಮನೆಯವರಿಗೆ 44 ವರ್ಷ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಪರ್ಚೇಸ್ ನೋಡಿಕೊಳ್ಳುತ್ತಾರೆ. ನಾಲ್ಕು ತಿಂಗಳ ಹಿಂದೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೆಲ್ತ್ ಕ್ಯಾಂಪ್ ಆದಾಗ ಬಿಪಿ 160/100 ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಇವರು ಹತ್ತು ದಿನ ನುಂಗಿ ಬಿಟ್ಟುಬಿಟ್ಟರು. ಕೇಳಿದರೆ ‘ನಂಗೇನಾಗಿದೆ? ಚೆನ್ನಾಗೇ ಇದೀನಲ್ಲ’ ಅನ್ನುತ್ತಾರೆ. ಈಚೆಗೆ ಮಕ್ಕಳ ಮೇಲೆ ರೇಗಾಟ ಜಾಸ್ತಿ. ರಾತ್ರಿ ಕಾರು ಬೇಸ್‌ಮೆಂಟಿಗೆ ಬಂದಿದ್ದು ಬಾಲ್ಕನಿಯಿಂದ ಕಾಣುತ್ತದೆ, ಆದರೆ ಮೇಲೆ ಬರುವುದು ಅರ್ಧ ಗಂಟೆ ಬಿಟ್ಟು. ಒಂದು ದಿನ ಕೆಳಗೆ ಹೋಗಿ ನೋಡಿದೆ. ಲೈಟ್ ಆರಿಸಿ, ಸ್ಟೀರಿಂಗ್ ಹಿಡಿದುಕೊಂಡು ಸುಮ್ನೆ ಕೂತಿದ್ದರು. ಮಾತಾಡಿಸದೆ ವಾಪಸ್ ಬಂದೆ. ನಾನೇನು ಮಾಡಲಿ?
— ಓದುಗರು, ನಾಗರಬಾವಿ

ಉತ್ತರ: ಸುಲಭದ್ದನ್ನು ಮೊದಲು ಮುಗಿಸೋಣ ಅಮ್ಮ.

‘ಚೆನ್ನಾಗೇ ಇದೀನಿ’ ಅನ್ನುವುದು ಸುಳ್ಳಲ್ಲ. ಬಿಪಿ ನೋಯುವುದಿಲ್ಲ, ಅದೇ ತಾಪತ್ರಯ. ಹಲ್ಲುನೋವು ಬಂದರೆ ಎಂಥ ಗಂಡಸೂ ಕೆನ್ನೆ ಹಿಡಿದುಕೊಂಡು ಓಡುತ್ತಾನೆ, ಆದರೆ 160/100 ವರ್ಷಗಟ್ಟಲೆ ಸದ್ದಿಲ್ಲದೆ ಹೃದಯ, ಕಿಡ್ನಿ, ಕಣ್ಣು, ಮಿದುಳಿನ ರಕ್ತನಾಳಗಳನ್ನು ಹಾಳುಮಾಡುತ್ತಿದ್ದರೂ ಅವನಿಗೆ ಗೊತ್ತೇ ಆಗುವುದಿಲ್ಲ. ಹತ್ತು ದಿನ ನುಂಗಿದ ಮೇಲೆ ಬಿಪಿ ಇಳಿದಿದ್ದರೆ ಅದು ಮಾತ್ರೆಯಿಂದಲೇ ಇಳಿದಿದ್ದು. ‘ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ ನುಂಗ್ಬೇಕು’ ಅನ್ನುವ ಹೆದರಿಕೆ ಇರಬಹುದು. ಹೌದು, ತುಂಬಾ ಜನ ನುಂಗಬೇಕಾಗುತ್ತದೆ. ಕನ್ನಡಕ ಹಾಕಿಕೊಳ್ಳುವುದಿಲ್ಲವೇ? ಆ ಮಾತ್ರೆ ಒಗ್ಗದೆ ಒಣಕೆಮ್ಮು ಬಂದರೆ, ಕಾಲು ಊದಿದರೆ ಡಾಕ್ಟರು ಬೇರೆಯದು ಕೊಡುತ್ತಾರೆ, ತಾವಾಗಿ ನಿಲ್ಲಿಸುವುದು ಬೇಡ.

ಒಂದೇ ಸಲ ನೋಡಿದ ಅಂಕಿ ನಂಬಿ ಕೂರಬೇಡಿ. ಐದು ನಿಮಿಷ ಸುಮ್ಮನೆ ಕೂತು, ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ಶರ್ಟಿನ ತೋಳು ಸರಿಸಿ, ಪಟ್ಟಿ ಎದೆಯ ಮಟ್ಟಕ್ಕೆ ಬರುವ ಹಾಗೆ ಕಟ್ಟಿ ನೋಡಬೇಕು. ಅರ್ಧ ಗಂಟೆ ಮೊದಲು ಕಾಫಿ, ಸಿಗರೇಟು ಇರಬಾರದು. ಬೇರೆ ಬೇರೆ ದಿನ ನೋಡಿದಾಗಲೂ ಆಸ್ಪತ್ರೆಯಲ್ಲಿ 140/90 ದಾಟಿದರೆ ಮಾತು ಮುಗಿಯಿತು. ದುಡ್ಡು ಒಂದು ನೆಪ ಆಗಬಾರದು. ವಾರ್ಡಿನಲ್ಲಿರುವ ‘ನಮ್ಮ ಕ್ಲಿನಿಕ್’ ಅನ್ನುವ ಸರ್ಕಾರಿ ಕ್ಲಿನಿಕ್‌ನಲ್ಲಿ ಬಿಪಿ, ಶುಗರ್ ಬಿಟ್ಟಿ ನೋಡುತ್ತಾರೆ.

ಇದನ್ನು ಬರೆಯುತ್ತಿರುವವನೂ ಸಾಚಾ ಅಲ್ಲ. ಮೊದಲ ವರ್ಷ ಬಿಪಿ ಮಾತ್ರೆಯ ಸ್ಟ್ರಿಪ್ಪನ್ನು ಆಫೀಸಿನ ಡ್ರಾಯರ್‌ನಲ್ಲಿ, ಸ್ಟೇಪ್ಲರ್ ಡಬ್ಬದ ಹಿಂದೆ ಬಚ್ಚಿಟ್ಟಿದ್ದೆ. ಯಾರಿಗೆ ಕಾಣಬಾರದು ಅಂತ ಇಟ್ಟೆನೋ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು, ನಮ್ಮ ಗಂಡಸರಿಗೆ ಎದೆಯಲ್ಲಿ ಏನೇ ಆದರೂ ‘ಗ್ಯಾಸ್’. ಒಂದು ಸೋಡಾ ಕುಡಿದು ಮಲಗುತ್ತಾರೆ. ಎದೆ ಬಿಗಿದು, ನೋವು ಎಡಗೈಗೋ ದವಡೆಗೋ ಹರಿದು, ತಣ್ಣಗೆ ಬೆವರು ಬಂದರೆ ಸೋಡಾ ಬೇಡ, 108ಕ್ಕೆ ಫೋನ್ ಮಾಡಿ. ತಾವೇ ಗಾಡಿ ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. 2021ರ ಅಕ್ಟೋಬರ್ 29ರಂದು ಪುನೀತ್ 46ನೇ ವಯಸ್ಸಿಗೆ ಹೋದಾಗ ಬೆಂಗಳೂರಿನ ಗಂಡಸರೆಲ್ಲ ಒಮ್ಮೆ ಎದೆ ಮುಟ್ಟಿಕೊಂಡರು, ಜಯದೇವದ ಮುಂದೆ ಕ್ಯೂ ನಿಂತರು. ಮಾರನೇ ವರ್ಷ ಮತ್ತೆ ತೋರಿಸಿಕೊಂಡವರು ನನ್ನ ಪರಿಚಯದಲ್ಲಿ ಒಬ್ಬರೂ ಇಲ್ಲ.

ಈಗ ಕಾರಿನ ವಿಷಯ. ಆ ಅರ್ಧ ಗಂಟೆಯೇ ಕಾಯಿಲೆ ಅಲ್ಲ. ಫ್ಯಾಕ್ಟರಿಯವನೂ ಅಲ್ಲದೆ ಅಪ್ಪನೂ ಅಲ್ಲದೆ ಸ್ವಲ್ಪ ಹೊತ್ತು ಇರುವುದಕ್ಕೆ ಎಷ್ಟೋ ಜನರಿಗೆ ಅದೊಂದೇ ಜಾಗ. ಆದರೆ ಜೊತೆಗೆ ರೇಗಾಟವೂ ಇದೆ ಅಂದಿರಲ್ಲ, ಅದಕ್ಕೇ ಕೇಳುತ್ತೇನೆ: ನಿದ್ದೆ ಹೇಗಿದೆ? ಊಟ ಕಡಿಮೆಯಾಗಿದೆಯೇ? ಕುಡಿತ ಜಾಸ್ತಿಯಾಗಿದೆಯೇ? ಭಾನುವಾರ ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಬಿಟ್ಟಿದ್ದಾರೆಯೇ? ಖಿನ್ನತೆ ಅಂದರೆ ಅಳುವುದು ಅಂದುಕೊಂಡಿದ್ದೇವೆ. ಗಂಡಸರಲ್ಲಿ ಅದು ಎಷ್ಟೋ ಸಲ ಸಿಟ್ಟಾಗಿ, ಮೌನವಾಗಿ, ಇನ್ನೊಂದು ಪೆಗ್ ಆಗಿ ಬರುತ್ತದೆ. ಇಂಥದ್ದು ಎರಡು ವಾರ ದಾಟಿದರೆ ತೋರಿಸಲೇಬೇಕು.

ಊಟದ ಮುಂದೆ ಎದುರುಬದುರು ಕೂರಿಸಿ ‘ಏನಾಗಿದೆ ಹೇಳಿ’ ಅಂದರೆ ‘ಏನಿಲ್ಲ’ ಅನ್ನುತ್ತಾರೆ, ಬರೆದಿಟ್ಟುಕೊಳ್ಳಿ. ಇನ್ನೊಂದು ರಾತ್ರಿ ನೀವೇ ಎರಡು ಲೋಟ ಕಾಫಿ ತಗೊಂಡು ಕೆಳಗೆ ಹೋಗಿ, ಆ ಕಡೆ ಬಾಗಿಲು ತೆಗೆದು ಪಕ್ಕದಲ್ಲಿ ಕೂತುಬಿಡಿ. ಬಿಪಿ ಮಾತು ಎತ್ತಬೇಡಿ, ಮಕ್ಕಳ ಮಾರ್ಕ್ಸ್ ಮಾತಂತೂ ಬೇಡ. ಇಬ್ಬರೂ ಮುಂದಿನ ಗೋಡೆ ನೋಡುತ್ತಾ ಕೂತಾಗ ಬಾಯಿ ಬಿಡುವುದು ಸುಲಭ. ಮೊದಲ ದಿನ ಏನೂ ಹೇಳದಿದ್ದರೂ ಕಾಫಿ ಕುಡಿದಿರುತ್ತಾರೆ, ಸಾಕು. ಆಮೇಲೆ ಡಾಕ್ಟರ ಹತ್ತಿರ ‘ಹೋಗಿ’ ಅನ್ನಬೇಡಿ, ‘ಶನಿವಾರ ಹೋಗೋಣ, ನಂದೂ ನೋಡಿಸ್ಬೇಕು’ ಅನ್ನಿ.

‘ಸಾಕಾಗಿದೆ, ಇದ್ದೇನು ಪ್ರಯೋಜನ’ ಅನ್ನುವ ಮಾತು ಬಂದರೆ ಮಾತ್ರ ಮುಂದೂಡಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ 10ಕ್ಕೆ 7 ಜನ ಗಂಡಸರು.

ಪ್ರಶ್ನೆ: ವಯಸ್ಸು 29, ಬೆಳ್ಳಂದೂರಿನಲ್ಲಿ ಕೆಲಸ. ನಿದ್ದೆ ಇಲ್ಲ, ಮೀಟಿಂಗ್ ಅಂದರೆ ಕೈ ನಡುಗುತ್ತದೆ. ನಿಮ್ಹಾನ್ಸ್‌ಗೆ ಹೋಗಲಾ ಅಂದರೆ ಅಪ್ಪ ‘ಹುಚ್ಚಾಸ್ಪತ್ರೆಗಾ?’ ಅಂದರು. ಆಫೀಸಿಗೆ ಗೊತ್ತಾಗುತ್ತಾ ಸರ್?

ಉತ್ತರ: ನೀನು ಹೇಳದೆ ಆಸ್ಪತ್ರೆಯವರು ಆಫೀಸಿಗೆ ಹೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಗುಟ್ಟು ಕಾಪಾಡಬೇಕು ಅಂತ ಇದೆ. ಮೈಯ ಕಾಯಿಲೆಗೆ ಇರುವ ಹಾಗೆ ಮನಸ್ಸಿನ ಕಾಯಿಲೆಗೂ ಇನ್ಶೂರೆನ್ಸ್ ಕೊಡಬೇಕು ಅಂತಲೂ ಇದೆ. ಅಪ್ಪನ ಮೇಲೆ ಸಿಟ್ಟಾಗಬೇಡ, ಅವರು ಹುಡುಗರಾಗಿದ್ದಾಗ ಊರೆಲ್ಲ ಹಾಗೇ ಅನ್ನುತ್ತಿತ್ತು. ನಿಮ್ಹಾನ್ಸ್ ಕ್ಯೂನಲ್ಲಿ ಫಿಟ್ಸ್‌ನವರು, ಸ್ಟ್ರೋಕ್ ಆದವರು, ತಲೆನೋವಿನವರೂ ಇರುತ್ತಾರೆ ಅಂತ ಹೇಳು. ಹೊಸೂರು ರಸ್ತೆಯ ಗೇಟು ನೋಡಿದರೇ ಭಯ ಅನ್ನಿಸಿದರೆ ಅವರದ್ದೇ ವೆಲ್‌ಬೀಯಿಂಗ್ ಸೆಂಟರ್ ಬಿಟಿಎಂ ಲೇಔಟ್‌ನಲ್ಲಿದೆ, ಆಸ್ಪತ್ರೆಯ ವಾಸನೆ ಇಲ್ಲ. ಅಂದಹಾಗೆ, ಥೈರಾಯ್ಡ್ ಕೂಡ ನೋಡಿಸು, ಕೈ ನಡುಗುವುದಕ್ಕೆ ಅದೂ ಒಂದು ಕಾರಣ.

ಪ್ರಶ್ನೆ: 52 ವರ್ಷ. ದಿನಾ ಲಾಲ್‌ಬಾಗ್‌ನಲ್ಲಿ ವಾಕಿಂಗ್, ಆಮೇಲೆ ಫ್ರೆಂಡ್ಸ್ ಜೊತೆ ಮಸಾಲೆ ದೋಸೆ. ನನಗೂ ಶುಗರ್ ಟೆಸ್ಟ್ ಬೇಕೇ?

ಉತ್ತರ: ಬೇಕು. ಮೊದಲು ಟೇಪ್ ತಗೊಂಡು ಹೊಕ್ಕುಳ ಮಟ್ಟಕ್ಕೆ ಸುತ್ತಿ ನೋಡಿ, 90 ಸೆಂಟಿಮೀಟರ್ ದಾಟಬಾರದು. ‘ನನ್ ಪ್ಯಾಂಟ್ ಸೈಜ್ ಇನ್ನೂ 34’ ಅನ್ನಬೇಡಿ, ಪ್ಯಾಂಟು ಹೊಟ್ಟೆಯಿಂದ ಕೆಳಗೆ ಜಾರಿ ಎಷ್ಟು ವರ್ಷವಾಯಿತು ನೆನಪು ಮಾಡಿಕೊಳ್ಳಿ. ಖಾಲಿ ಹೊಟ್ಟೆಯ ಶುಗರ್ 100ರ ಒಳಗಿರಬೇಕು. 126 ಅಥವಾ ಅದಕ್ಕಿಂತ ಜಾಸ್ತಿ ಎರಡು ಸಲ ಬಂದರೆ ಡಯಾಬಿಟಿಸ್. ದೋಸೆ ಬಿಡಿ ಅನ್ನುವುದಕ್ಕೆ ನನಗೂ ಬಾಯಿ ಬರುವುದಿಲ್ಲ. ಟೆಸ್ಟ್ ದಿನ ಮಾತ್ರ ರಕ್ತ ಕೊಟ್ಟ ಮೇಲೆ ತಿನ್ನಿ.