ಹೈಸ್ಕೂಲಿನಲ್ಲಿ ಒಬ್ಬರಿಗೆ ಬಂದ ಕಾಯಿಲೆ ಇಡೀ ಕ್ಲಾಸಿಗೆ ಯಾಕೆ ಹಬ್ಬುತ್ತದೆ? ಇಷ್ಟು ದೊಡ್ಡ ಮಕ್ಕಳಿಗೆ ಸ್ವಚ್ಛತೆ ಗೊತ್ತಿರುವುದಿಲ್ಲವೇ?

ಸ್ವಚ್ಛತೆ ಚೆನ್ನಾಗಿಯೇ ಗೊತ್ತಿರುತ್ತದೆ. ಕೈ ತೊಳೆಯುವ ಕ್ರಮ ಬರೆಯಿರಿ ಅಂದರೆ ಪೂರ್ತಿ ಅಂಕ ತೆಗೆಯುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನು. ರೋಗ ಹಬ್ಬುವುದರಲ್ಲಿ ಮಕ್ಕಳದ್ದು ಎಷ್ಟು ಪಾಲಿದೆಯೋ ನಮ್ಮಂಥ ದೊಡ್ಡವರದ್ದೂ ಅಷ್ಟೇ ಇದೆ.

ಒಮ್ಮೆ ಪರೀಕ್ಷೆಯಲ್ಲಿ ಹುಡುಗನೊಬ್ಬ ಎಡಗೈಯಲ್ಲಿ ದವಡೆ ಒತ್ತಿ ಹಿಡಿದುಕೊಂಡೇ ಬರೆಯುತ್ತಿದ್ದ. ಹಲ್ಲುನೋವಾ ಅಂದೆ. ‘ಹೂಂ ಸಾರ್’ ಅಂದ. ಕೈ ತೆಗೆಸಿ ನೋಡಿದರೆ ಕಿವಿಯ ಬುಡದಿಂದ ಗದ್ದದವರೆಗೆ ಊದಿದೆ. ಮಂಗನಬಾವು ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಆದರೂ, ಪಾಪ, ವರ್ಷವಿಡೀ ಓದಿದ್ದಾನೆ, ಬರೆದು ಹೋಗಲಿ ಎಂದು ಸುಮ್ಮನಾದೆ. ಮರುದಿನದ ಪೇಪರಿಗೂ ಕೂರಿಸಿದೆ. ಎರಡೂವರೆ ವಾರ ಕಳೆದು ಎಲ್ಲ ಮರೆತಿದ್ದಾಗ, ಅವನ ಜೊತೆ ವಾಲಿಬಾಲ್ ಆಡುವ ಮೂವರು ಒಬ್ಬರ ಹಿಂದೊಬ್ಬರು ಕೆನ್ನೆ ಊದಿಸಿಕೊಂಡರು. ಮಂಗನಬಾವು ಅಂಟಿದ ಮೇಲೆ ಹೊರಗೆ ಕಾಣಿಸಲು ಸಾಮಾನ್ಯವಾಗಿ 16ರಿಂದ 18 ದಿನ ಬೇಕು. ಕ್ಯಾಲೆಂಡರ್ ಹಿಡಿದು ಹಿಂದಕ್ಕೆ ಎಣಿಸಿದೆ, ಬೆರಳು ಪರೀಕ್ಷೆಯ ವಾರದ ಮೇಲೇ ಬಂದು ನಿಂತಿತು.

ಪೂರ್ತಿ ತಪ್ಪು ನನ್ನದೇ ಅಂತಲೂ ಹೇಳಲಾರೆ. ಬಾವು ಬರುವ ಒಂದೆರಡು ದಿನ ಮೊದಲೇ ಎಂಜಲಿನಲ್ಲಿ ವೈರಸ್ ಇರುತ್ತದೆ. ಅಂಗಳದ ಅಂಚಿನಲ್ಲಿ ಇವರದ್ದು ಒಂದೇ ನೀರಿನ ಬಾಟಲಿ, ಆರು ಬಾಯಿ. ಮನೆಯಲ್ಲಿ ತಮ್ಮ ಕಚ್ಚಿದ ಹಣ್ಣು ಮುಟ್ಟದವನು ಇಲ್ಲಿ ಗೆಳೆಯ ಕೊಟ್ಟ ಬಾಟಲಿಯನ್ನು ಒರೆಸದೆ ಬಾಯಿಗಿಡುತ್ತಾನೆ. ಒರೆಸಿದರೆ ಗೆಳೆಯನಿಗೆ ಅವಮಾನ! ಹದಿನಾಲ್ಕರ ವಯಸ್ಸಿನ ಈ ಲೆಕ್ಕ ಯಾವ ಆರೋಗ್ಯ ಪಾಠದಲ್ಲೂ ಇಲ್ಲ.

ಲಕ್ಷಣಕ್ಕೆ ಮೊದಲೇ ಅಂಟುವ ಚಾಳಿ ಬೇರೆ ರೋಗಗಳಿಗೂ ಇದೆ. ಫ್ಲೂ ಒಂದು ದಿನ ಮುಂಚೆ, ಚಿಕನ್ ಪಾಕ್ಸ್ ಒಂದೆರಡು ದಿನ ಮುಂಚೆ, ದಡಾರವಂತೂ ಮೈಮೇಲೆ ದದ್ದು ಏಳುವ ನಾಲ್ಕು ದಿನ ಮುಂಚೆಯೇ ಹರಡಲು ಶುರು. ದಡಾರದವನು ಎದ್ದುಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ 2 ಗಂಟೆಯವರೆಗೆ ಉಳಿಯಬಲ್ಲದು. ಹಾಗಾಗಿ ಕೊನೆಯ ಬೆಂಚಿಗೆ ಕಳಿಸಿ ಏನೂ ಪ್ರಯೋಜನವಿಲ್ಲ. ದಡಾರದ ಲಸಿಕೆ ಎರಡು ಡೋಸ್ ಆಗಿದೆಯೇ ಎಂದು ಮನೆಯ ಕಾರ್ಡ್ ತೆಗೆದು ನೋಡಿ. ಚಿಕ್ಕಂದಿನಲ್ಲಿ ತಪ್ಪಿದ್ದರೆ ಈಗಲೂ ಹಾಕಿಸಬಹುದು. (ಕೆಂಗಣ್ಣು ಮಾತ್ರ ನೋಡಿದರೆ ಅಂಟುವುದಿಲ್ಲ, ಕೈಯಿಂದ, ಕರ್ಚೀಫಿನಿಂದ ಅಂಟುತ್ತದೆ. ಕಪ್ಪು ಕನ್ನಡಕ ಬರೀ ಷೋಕಿಗೆ.)

ನನ್ನ ದೊಡ್ಡ ತಕರಾರು ‘ಒಂದು ದಿನವೂ ರಜೆ ಹಾಕದ ವಿದ್ಯಾರ್ಥಿ’ ಬಹುಮಾನದ ಬಗ್ಗೆ. ಅದಕ್ಕಾಗಿ ಬೆಳಿಗ್ಗೆ ಜ್ವರದ ಮಾತ್ರೆ ನುಂಗಿ ಬಂದು, ಮಧ್ಯಾಹ್ನದ ಹೊತ್ತಿಗೆ ಮಾತ್ರೆ ಇಳಿದು ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಕಳಿಸಿ. ಮಂಗನಬಾವಾದರೆ ಊತ ಶುರುವಾಗಿ 5 ದಿನ ಮನೆಯಲ್ಲಿರಲಿ. ಚಿಕನ್ ಪಾಕ್ಸ್ ಆದರೆ ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟಬೇಕು, ಒಂದು ಹಸಿಯಿದ್ದರೂ ಬೇಡ.

ಇನ್ನೊಂದು ಮಾತು, ಮನೆಯಲ್ಲಿ ಗಂಡುಮಕ್ಕಳಿದ್ದರೆ. ಪ್ರಾಯಕ್ಕೆ ಬಂದ ಹುಡುಗರಲ್ಲಿ ಮಂಗನಬಾವು ವೃಷಣಕ್ಕೂ ಇಳಿಯುವುದುಂಟು. ನಾಚಿಕೆಯಿಂದ ಅವರಾಗಿ ಹೇಳುವುದಿಲ್ಲ, ನೀವೇ ಕೇಳಿ. ನೋವು, ಊತ ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.